ಹುಕ್ಕಿನ ಕೆಳಗೆ ನಿಂತವನು

ಅವ್ವಣ್ಣನ ಕೈಗಳು ಇವತ್ತು ಬರಿದಾಗಿದ್ದವು. ಬಲ ಮಣಿಕಟ್ಟಿಗೆ ಕೆಂಪು ಬಟ್ಟೆ ಇಲ್ಲ, ಎಡ ಮಣಿಕಟ್ಟಿಗೆ ಬಿಳಿ ಬಟ್ಟೆ ಇಲ್ಲ. ಶೆಡ್ಡಿನ ತಗಡಿಗೆ ತಲೆ ತಾಗುವಷ್ಟು ಎತ್ತರದಲ್ಲಿ, ಕ್ರೇನಿನ ಗೂಡಿನಲ್ಲಿ ಕೂತು, ಸರಳಿನ ಮೇಲೆ ಗದ್ದ ಊರಿ ಧರ್ಮಣ್ಣ ಕೆಳಗೆ ನೋಡುತ್ತಲೇ ಇದ್ದ. ಕೆಳಗೆ ಓಡಾಡುವವರೆಲ್ಲ ಅವನಿಗೆ ಈಗೀಗ ಒಂದೇ ಥರ, ಅಂಚಿಲ್ಲದ ಬೂದು ಆಕಾರಗಳು. ಅವರ ನಡುವೆ ಒಬ್ಬನಿಗೆ ಮಾತ್ರ ಒಂದು ಕೆಂಪು ಚುಕ್ಕೆ, ಒಂದು ಬಿಳಿ ಚುಕ್ಕೆ ಇರುತ್ತಿದ್ದವು. ಆ ಎರಡು ಚುಕ್ಕೆ ಇದ್ದರೆ ಅವನಿಗೆ ಬೇರೆ ಕಣ್ಣು ಬೇಕಿರಲಿಲ್ಲ. ಹೆಗಲ ಮೇಲೆ ಸರಪಳಿ ಹಾಕಿಕೊಂಡು ಎಡಗಾಲನ್ನು ಕೊಂಚ ಹೊರಗೆ ಎಸೆದು ನಡೆಯುತ್ತಿರುವ ಆ ಆಕಾರ ಅವ್ವಣ್ಣನದೇ ಎಂಬುದರಲ್ಲಿ ಅನುಮಾನವಿಲ್ಲ. ಅವನೇ ಆಗಿದ್ದರೆ ಬಟ್ಟೆ ಎಲ್ಲಿ? ಮರೆತನೆ? ಊಟ ಮರೆತಾನು, ಅವ್ವಣ್ಣ ಆ ಬಟ್ಟೆ ಮರೆಯುವವನಲ್ಲ. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಭೋಸರಿಯ ಕಾರ್ಖಾನೆಗಳಲ್ಲಿ ಸರದಿಯ ಮೇಲೆ ಕರೆಂಟು ತೆಗೆಯುವುದು ಇದ್ದದ್ದೇ. ಅಂಥ ಹೊತ್ತಿನಲ್ಲಿ ಮಂದಿ ಮಷೀನಿನ ನೆರಳಿಗೆ ಕಾಲು ಚಾಚಿ ತಂಬಾಕು ತಿಕ್ಕುತ್ತಾರೆ, ಧರ್ಮಣ್ಣನೂ ಕೆಳಗಿಳಿದು ಅವರ ಜೊತೆ ಕೂರುತ್ತಿದ್ದ. ಇವತ್ತು ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲಿಕ್ಕೆ ಬಿಡುತ್ತಾರೋ ಇಲ್ಲವೋ ಎಂಬ ಒಂದು ಹಾಳು ಭಯ.

ಬೆಳಿಗ್ಗೆ ಗೇಟಿನಲ್ಲಿ ಫೋರ್‌ಮನ್ ಸಬನೀಸ ಸಾಹೇಬ ಅವನ ಹೆಗಲ ಮೇಲೆ ಕೈ ಇಟ್ಟಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ಆ ಮನುಷ್ಯ ಯಾರ ಹೆಗಲನ್ನೂ ಮುಟ್ಟಿದವನಲ್ಲ, ಬೈಯುವುದಿದ್ದರೂ ನಾಲ್ಕು ಮಾರು ದೂರ ನಿಂತು ಬೈಯುವವನು. ಮಧ್ಯಾಹ್ನ ಕಣ್ಣಿನ ಡಾಕ್ಟರು ಬರುತ್ತಾರೆ, ದವಾಖಾನೆ ಕೋಣೆಗೆ ಹೋಗಿ ತೋರಿಸಿಬಿಡು ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದ. ಎಲ್ಲರಿಗೂ ಇದೆಯೇ ಎಂದು ಧರ್ಮಣ್ಣ ಕೇಳಿದ. ಇಲ್ಲ, ಸದ್ಯಕ್ಕೆ ನಿನಗೊಬ್ಬನಿಗೆ ಎಂದ ಸಬನೀಸ, ಹೆಗಲನ್ನು ಎರಡು ಸಲ ತಟ್ಟಿದ, ಸಾವಿನ ಮನೆಯಲ್ಲಿ ತಟ್ಟುವ ಹಾಗೆ. ಆ ತಟ್ಟಿದ ಜಾಗ ಇನ್ನೂ ಬೆಚ್ಚಗಿದೆ ಎಂದು ಧರ್ಮಣ್ಣನಿಗೆ ಅನಿಸುತ್ತಿತ್ತು, ಅಂಗಿಯ ಮೇಲಿಂದ ಅದನ್ನು ಒರೆಸಿಕೊಂಡ. ಯಾರು ಹೇಳಿದರು? ಅವನ ಕಣ್ಣಿನ ವಿಷಯ ಈ ಶೆಡ್ಡಿನಲ್ಲಿ ಒಬ್ಬನಿಗೇ ಗೊತ್ತಿದ್ದದ್ದು. ಮನೆಯಲ್ಲಿ ಹೆಂಡತಿ ತಿಪ್ಪವ್ವನಿಗೂ ಪೂರ್ತಿ ಗೊತ್ತಿಲ್ಲ. ಅಕ್ಕಿಯೊಳಗಿನ ಕಲ್ಲು ಆರಿಸಲು ಕೂತು ಅವನು ಅಕ್ಕಿಯನ್ನೇ ಆರಿಸಿ ಎಸೆದಾಗ ಅವಳು, ವಯಸ್ಸಾತು ನಿನಗ, ಅಂತ ನಕ್ಕು ಮೊರ ಕಸಿದುಕೊಂಡಿದ್ದಳು, ಅಷ್ಟೆ. ಒಬ್ಬನಿಗೇ ಗೊತ್ತಿದ್ದ ಮಾತು ಸಾಹೇಬನ ತನಕ ಹೋಗಿದೆ ಎಂದರೆ ಅದು ತಾನಾಗಿ ಕಾಲು ಕಟ್ಟಿಕೊಂಡು ಹೋಗಿರುವುದಿಲ್ಲ. ಛೆ, ಹಾಗೆ ಯೋಚಿಸಬಾರದು ಎಂದುಕೊಂಡ. ಎಂದುಕೊಂಡು ಮತ್ತೆ ಕೆಳಗೆ ನೋಡಿದ. ಬರಿಗೈಯ ಆಕಾರ ಕಂಬದ ಪಕ್ಕ ಕೂತು ಯಾರ ಜೊತೆಗೋ ಮಾತಾಡುತ್ತಿತ್ತು, ಮೇಲೆ ನೋಡಲಿಲ್ಲ.

ಬಟ್ಟೆ ಕಟ್ಟುವ ಉಪಾಯ ಅವ್ವಣ್ಣನದೇ. ಎರಡು ವರ್ಷದ ಹಿಂದಿನ ಮಾತು. ನಿಗಡಿಯ ಬಸ್ ಸ್ಟಾಪಿನಲ್ಲಿ ಅವ್ವಣ್ಣನ ಹೆಂಡತಿ ಚಂದಮ್ಮ ಎದುರಿಗೇ ನಿಂತು ಮಾತಾಡಿಸಿದರೆ ಧರ್ಮಣ್ಣ ಯಾರವ್ವಾ ನೀನು ಎಂದು ಕೇಳಿದ್ದ. ಅವಳು ಕಾಕಾ ಚಾಷ್ಟಿ ಮಾಡುತ್ತಾನೆ ಎಂದು ನಕ್ಕಳು, ಅವ್ವಣ್ಣ ನಗಲಿಲ್ಲ. ಮರುದಿನ ಕ್ಯಾಂಟೀನಿನ ಹಿಂದೆ ನಿಲ್ಲಿಸಿಕೊಂಡು ಕೇಳಿದ. ಧರ್ಮಣ್ಣ ಮೊದಲು ಸಿಟ್ಟು ಮಾಡಿದ, ಆಮೇಲೆ ಒಂದು ಕಣ್ಣು ಮಂಜು ಎಂದು ಒಪ್ಪಿಕೊಂಡ. ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದರೆ ದಪ್ಪ ಗಾಜಿನ ಚಸ್ಮಾ ಹಾಕಿಕೊಳ್ಳಬೇಕು, ಅಂಥ ಚಸ್ಮಾದವನಿಗೆ ಕಂಪನಿ ಕ್ರೇನು ಕೊಡುವುದಿಲ್ಲ, ಕಸಬರಿಗೆ ಕೊಡುತ್ತದೆ. ಅವ್ವಣ್ಣ ಎಲ್ಲ ಕೇಳಿಸಿಕೊಂಡ. ಮಾರನೆಯ ದಿನ ಬರುವಾಗ ಚಂದಮ್ಮನ ಹಳೆಯ ಕೆಂಪು ಸೀರೆಯಿಂದ ಹರಿದ ಒಂದು ಪಟ್ಟಿ ಬಲಗೈಗೆ, ಧರ್ಮಣ್ಣನದೇ ಹಳೆಯ ಧೋತರದ ಒಂದು ಬಿಳಿ ಪಟ್ಟಿ ಎಡಗೈಗೆ ಕಟ್ಟಿಕೊಂಡು ಬಂದಿದ್ದ. ಧೋತರವನ್ನು ತಿಪ್ಪವ್ವನಿಂದ ಯಾವಾಗ ಇಸಿದುಕೊಂಡನೋ ಏನೋ. ಹುಕ್ಕಿನ ಕೆಳಗೆ ನಿಂತು ಕ್ರೇನಿಗೆ ಸನ್ನೆ ಮಾಡುವ ಕೆಲಸ ಅವನದು, ಬಲಗೈ ಎತ್ತಿದರೆ ಮೇಲೆ, ಎಡಗೈ ಚಾಚಿದರೆ ಕೆಳಗೆ, ಎರಡೂ ಕೂಡಿಸಿದರೆ ನಿಲ್ಲು. ಕೈ ಸರಿಯಾಗಿ ಕಾಣಲಿ ಅಂತ ಅಷ್ಟೆ, ಎಂದ. ಮರಾಠಿ ಮಂದಿ ಅವನಿಗೆ ನವರದೇವ ಎಂದು ಹೆಸರಿಟ್ಟರು, ಮದುಮಗ, ಕೈಗೆ ಕಂಕಣ ಕಟ್ಟಿಕೊಂಡು ಬಂದಾನ ಎಂದು ದಿನಾ ನಗುತ್ತಿದ್ದರು. ಯಾಕೆ ಕಟ್ಟಿದಿ ಎಂದರೆ ಹರಕೆ ಎನ್ನುತ್ತಿದ್ದ ಅವ್ವಣ್ಣ. ನಗುವುದನ್ನೆಲ್ಲ ತಾನು ತಿಂದು, ಕಾಕಾನ ಕಣ್ಣನ್ನು ತನ್ನ ಕೈಗೆ ಕಟ್ಟಿಕೊಂಡು ಎರಡು ವರ್ಷ ನಡೆಸಿದ. ಹೊಟ್ಟೆಯಲ್ಲಿ ಹುಟ್ಟಿದವನೂ ಮಾಡಲಾರ ಎಂದು ಧರ್ಮಣ್ಣ ತಿಪ್ಪವ್ವನ ಮುಂದೆ, ಕಾರಣ ಹೇಳದೆ, ಎಷ್ಟೋ ಸಲ ಹೇಳಿದ್ದ. ಅಂಥವನ ಕೈ ಇವತ್ತು ಬರಿದು.

ಈ ಗೂಡು ಧರ್ಮಣ್ಣನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಈ ಶೆಡ್ಡಿನ ಪಾಯ ತೋಡುವಾಗ ಅವನು ಶಹಾಪುರದ ಕಡೆಯ ಗೌಂಡಿ ಮಂದಿಯ ಜೊತೆ ಬುಟ್ಟಿ ಹೊತ್ತವನು. ತಗಡು ಏರಿಸಿದವನು, ಕ್ರೇನು ಕೂಡಿಸುವಾಗ ಹಗ್ಗ ಹಿಡಿದವನು, ಆಮೇಲೆ ಅದೇ ಕ್ರೇನಿಗೆ ಎಣ್ಣೆ ಬಿಡುವವನಾಗಿ, ಕೊನೆಗೆ ನಡೆಸುವವನಾಗಿ ಕೂತವನು. ಊರಲ್ಲಿ ಗೌಡನ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದವರ ಮಗ. ಇಲ್ಲಿ ಕಂಪನಿಯ ಮಾಲೀಕನೇ ಬರಲಿ, ಮೇಲೆ ಭಾರ ತೂಗುತ್ತಿದ್ದರೆ ತಲೆ ಎತ್ತಿ ಧರ್ಮಣ್ಣನನ್ನು ನೋಡಿಯೇ ಮುಂದೆ ಹೆಜ್ಜೆ ಇಡಬೇಕು. ಅವನು ಮೇಲಿನಿಂದ ಕೂಗುತ್ತಿದ್ದುದೂ ಕಡಿಮೆ. ಹೊಸಬರಿಗೆ, ಹೆಸರು ಗೊತ್ತಿಲ್ಲದವರಿಗೆ, ಲಾರಿಯ ಕ್ಲೀನರಿಗೆ ‘ಏ, ಬಾಜೂಲಾ ಹೋ’, ಪಕ್ಕಕ್ಕೆ ಸರಿ, ಎಂದು ಮರಾಠಿಯಲ್ಲಿ ಒಂದು ಗದರಿಕೆ. ಹೆಸರು ಗೊತ್ತಿದ್ದವರಿಗೆ ಹೆಸರು. ಅವ್ವಣ್ಣನಿಗೆ ಮಾತ್ರ ಕನ್ನಡ. ಎಮರ್ಜೆನ್ಸಿ ಮುಗಿದ ವರ್ಷ ಪಕ್ಕದೂರಿನವನು ಅಂತ ಹೇಳಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ ಹುಡುಗನಂಥ ಅವ್ವಣ್ಣನನ್ನು ಸಬನೀಸನ ಮುಂದೆ ನಿಲ್ಲಿಸಿ, ನನ್ನ ತಮ್ಮನ ಮಗ ಎಂದು ಸುಳ್ಳು ಹೇಳಿ ಕೆಲಸಕ್ಕೆ ಹಚ್ಚಿದವನು ಧರ್ಮಣ್ಣ. ಚಂದಮ್ಮ ಊರಿಂದ ಬರುವ ತನಕ ಅವನು ಉಂಡದ್ದು ತಿಪ್ಪವ್ವನ ರೊಟ್ಟಿ. ಉಂಡ ಮನೆಯ ಗಳ ಎಣಿಸಬಾರದು ಅಂತಾರೆ. ಎಣಿಸಿದನೆ? ಇಷ್ಟು ದಿನ ಉಣ್ಣುತ್ತಾ ಉಣ್ಣುತ್ತಾ ಮೇಲೆ ನೋಡಿ ಎಣಿಸುತ್ತಲೇ ಇದ್ದನೆ? ಡಬ್ಬಿ ಬಿಚ್ಚಿ ಕೂತಾಗ ಕ್ರೇನಿನ ಮಾತು ತೆಗೆಯುತ್ತಿದ್ದವನು ಅವನೇ. ಹ್ಯಾಂಡಲ್ಲು ನಡುವೆ ಕಚ್ಚಿಕೊಳ್ಳುತ್ತದೆ, ಎಳೆದಾಡಬಾರದು, ಅಂಗೈಯ ಬುಡದಿಂದ ಒಂದು ಮೆತ್ತನೆಯ ಗುದ್ದು ಕೊಡಬೇಕು; ಭಾರ ಓಲಾಡಿದರೆ ಹೆದರಿ ನಿಲ್ಲಿಸಬಾರದು, ಅದು ಹೋದ ಕಡೆಗೇ ಒಂದಿಷ್ಟು ಹೋಗಿ ಸಮಾಧಾನ ಮಾಡಬೇಕು; ಹೊಲದಲ್ಲಿ ಮೊಂಡು ಎತ್ತಿಗೆ ಮಾಡುವಂತೆ. ಯಾರಿಗೂ ಹೇಳದ್ದನ್ನೆಲ್ಲ ಧರ್ಮಣ್ಣ ಅವನಿಗೆ ಹೇಳಿದ್ದ, ಅವ್ವಣ್ಣ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳುತ್ತಿದ್ದ. ಕೇಳುವವನು ಸಿಕ್ಕರೆ ಮನುಷ್ಯನಿಗೆ ಎಂಥ ಸುಖ. ಏನು ಕೇಳಿಸಿಕೊಳ್ಳುತ್ತಿದ್ದಾನೆ, ಯಾಕೆ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದು ಆಗ ತಲೆಗೆ ಹೊಳೆಯುವುದಿಲ್ಲ.

ಇಲ್ಲ, ಹೋದ ವಾರದ್ದು ಅವನ ಮನಸ್ಸಿಗೆ ಹತ್ತಿರಬೇಕು. ಆ ದಿನ ಅವ್ವಣ್ಣ ಬಟ್ಟೆಗಳನ್ನು ಅದಲುಬದಲು ಕಟ್ಟಿಕೊಂಡಿದ್ದ, ಬಲಗೈಗೆ ಬಿಳಿ, ಎಡಗೈಗೆ ಕೆಂಪು. ಕೆಳಗೆ ಗ್ರೈಂಡರಿನ ಶಿಂಧೆ ನಿಂತಿದ್ದ, ಸರಪಳಿಗೆ ಬೀಡುಕಬ್ಬಿಣದ ದೊಡ್ಡ ಪೆಟ್ಟಿಗೆ ತೂಗುತ್ತಿತ್ತು. ಅವ್ವಣ್ಣ ಬಲಗೈಯನ್ನು ನೆತ್ತಿಯ ಮೇಲೆ ಎತ್ತಿ ತಿರುಗಿಸಿದ, ಮೇಲೆ ಒಯ್ಯಿ ಎಂದು. ಧರ್ಮಣ್ಣನಿಗೆ ಕಂಡದ್ದು ಬಿಳಿ. ಬಿಳಿ ಎಂದರೆ ಕೆಳಗೆ. ಇಳಿಸಿದ. ಶಿಂಧೆ ಕಾಲು ಎಳೆದುಕೊಂಡ, ಪೆಟ್ಟಿಗೆ ಅವನ ಬೂಟಿನ ತುದಿಯನ್ನು ಉಜ್ಜಿಕೊಂಡು ನೆಲಕ್ಕೆ ಕೂತಿತು. ಇಡೀ ಶೆಡ್ಡು ಬೊಬ್ಬೆ ಹಾಕಿತು. ತಪ್ಪು ನನ್ನದು, ಸನ್ನೆ ನಾನೇ ತಪ್ಪಿದೆ ಎಂದು ಅವ್ವಣ್ಣ ಎಲ್ಲರ ಮುಂದೆ ಒಪ್ಪಿಕೊಂಡು ಸಬನೀಸನ ಕೈಯಲ್ಲಿ ನಾಯಿಗಿಂತ ಕಡೆಯಾಗಿ ಬೈಸಿಕೊಂಡ. ಬೈಸಿಕೊಂಡ ಮೇಲೆ ಹುಕ್ಕಿನ ಕೆಳಗೆ ನಿಂತು ತಲೆ ಎತ್ತಿ ಭಾಳ ಹೊತ್ತು ಗೂಡಿನ ಕಡೆ ನೋಡಿದ. ಆ ಮುಖ ಧರ್ಮಣ್ಣನಿಗೆ ಕಾಣಲಿಲ್ಲ, ಎತ್ತಿದ್ದು ಮಾತ್ರ ಗೊತ್ತಾಯಿತು. ಧರ್ಮಣ್ಣ ತನಗೆ ತಾನೇ ಹೇಳಿಕೊಂಡ, ತಪ್ಪು ಅವನದೇ, ಅದಲುಬದಲು ಕಟ್ಟಿದವನು ಅವನೇ. ಅದು ಸುಳ್ಳೂ ಅಲ್ಲ. ಆದರೆ ಕೈ ಕಾಣುತ್ತಿದ್ದರೆ ಬಟ್ಟೆಯ ಬಣ್ಣ ಯಾವುದಾದರೇನು? ಎತ್ತಿದ ಕೈ ಎತ್ತಿದ ಕೈಯೇ. ಒಂದು ಕಣ್ಣು ಮಂಜು ಎಂದವನು ಇನ್ನೊಂದೂ ಹೋಯಿತೆಂದು ಹೇಳಿರಲಿಲ್ಲ. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದನೋ, ಬಾಯಿ ತೆರೆದಾಗಲೆಲ್ಲ ಹ್ಯಾಂಡಲ್ಲಿನ ಮಾತು ಹೊರಗೆ ಬರುತ್ತಿತ್ತು.

ಊಟದ ಹೊತ್ತಿಗೆ ಇಳಿಯಲೇಬೇಕಾಯಿತು. ಅವ್ವಣ್ಣ ದಿನದ ಹಾಗೆ ಬೇವಿನ ಮರದ ಬುಡದಲ್ಲಿ ಡಬ್ಬಿ ಬಿಚ್ಚಿಕೊಂಡು ಕಾಯುತ್ತಿದ್ದ. ದೂರ ಕೂತಿದ್ದರೆ, ಮುಖ ತಿರುಗಿಸಿದ್ದರೆ ಚೆನ್ನಾಗಿತ್ತು. ದಿನದ ಹಾಗೆ ತನ್ನ ಡಬ್ಬಿಯ ಶೇಂಗಾ ಹಿಂಡಿಯನ್ನು ಅರ್ಧ ಮಾಡಿ ಕಾಕಾನ ರೊಟ್ಟಿಯ ಮೇಲೆ ಹಾಕಿದ, ಉಳ್ಳಾಗಡ್ಡಿ ಗುದ್ದಿ ಒಡೆದು ಕೊಟ್ಟ. ಧರ್ಮಣ್ಣ ಆ ಬರಿಯ ಮಣಿಕಟ್ಟನ್ನು ಹತ್ತಿರದಿಂದ ನೋಡಿದ. ಬಟ್ಟೆ ಕಟ್ಟಿ ಕಟ್ಟಿ ಅಲ್ಲಿ ಚರ್ಮ ಒಂದು ಬಳೆಯಂತೆ ಬೆಳ್ಳಗಾಗಿತ್ತು. ಬಟ್ಟೆ ಎಲ್ಲೋ ಎಂದು ಕೇಳಿದ, ದನಿ ಸಹಜವಾಗಿರಲಿ ಎಂದು ರೊಟ್ಟಿ ಅಗಿಯುತ್ತಲೇ ಕೇಳಿದ. ಒಗಿಯಾಕ ಹಾಕ್ಯಾಳ ಚಂದಿ, ಎಂದ ಅವ್ವಣ್ಣ. ಎರಡು ವರ್ಷದಲ್ಲಿ ಎಣ್ಣೆ ಗ್ರೀಸು ಕುಡಿದು ತೊಗಲಿನಂತಾಗಿದ್ದ ಆ ಬಟ್ಟೆಯನ್ನು ಇವತ್ತೇ ಒಗೆಯಬೇಕಿತ್ತೆ? ಡಾಕ್ಟರು ಬರುವ ದಿನವೇ? ಧರ್ಮಣ್ಣ ನೀರು ಕುಡಿದ. ಸಾಹೇಬ ಕಣ್ಣು ತೋರಿಸೆಂದ ಎಂದು ಹೇಳಬೇಕೆಂದುಕೊಂಡ. ಹೇಳಿದರೆ ಅವನ ಮುಖದಲ್ಲಿ ಏನು ಬರುತ್ತದೆಂದು ನೋಡಬೇಕು, ನೋಡಲಿಕ್ಕೆ ಕಣ್ಣು ಬೇಕು. ಹಾಳಾಗಿ ಹೋಗಲಿ ಎಂದು ರೊಟ್ಟಿ ಮುರಿದ. ಅಷ್ಟರಲ್ಲಿ ಕ್ಯಾಂಟೀನು ನಡೆಸುವ ಉಡುಪಿ ಕಡೆಯ ತನಿಯಪ್ಪ ಎರಡು ಗ್ಲಾಸು ಚಹಾ ಹಿಡಿದುಕೊಂಡು ತಾನೇ ಬಂದ. ಕರೆಂಟು ಇಲ್ಲದ ದಿನ ಅವನಿಗೂ ಮಾತಿಗೆ ಜನ ಬೇಕು. ಇದು ನಿಮ್ಮದು, ಇದು ಅವ್ವಣ್ಣನದು, ಇವರಿಗೆ ಸಕ್ಕರೆ ಜಾಸ್ತಿ, ಸಂಜೆ ಪಾಳಿಯಲ್ಲಿ ದಿನಾ ಕೊಟ್ಟು ಕೊಟ್ಟು ನನಗೀಗ ಕೇಳುವುದೇ ಬೇಡ ಮಾರಾಯ್ರೆ, ಎಂದು ನಗುತ್ತಾ ಗ್ಲಾಸು ಇಟ್ಟು ಹೋದ. ಸಂಜೆ ಪಾಳಿಯೆ? ಅವ್ವಣ್ಣನದು ಯಾವತ್ತೂ ಧರ್ಮಣ್ಣನ ಜೊತೆಗಿನ ಹಗಲು ಪಾಳಿ. ಸಂಜೆ ಚಂದಮ್ಮನ ಮೈಗೆ ಹುಷಾರಿಲ್ಲ, ಸಂತೆ ಮಾಡಬೇಕು, ಅವಳ ತಮ್ಮ ಬಂದಾನೆ ಎಂದು ಅವನು ಗೇಟಿನಿಂದಲೇ ಬೇರೆಯಾಗುತ್ತಾ ಬಂದು ಎಷ್ಟೋ ತಿಂಗಳಾಗಿತ್ತು. ಅವ್ವಣ್ಣ ಚಹಾದೊಳಗೆ ನೋಡುತ್ತಾ ಕೂತ. ಆರಿಹೋಗುವ ತನಕ ನೋಡಿದ, ಆಮೇಲೆ ಒಂದೇ ಗುಟುಕಿಗೆ ಕುಡಿದು ಡಬ್ಬಿ ಮುಚ್ಚಿದ.

ಕರೆಂಟು ಬಂದಾಗ ಶೆಡ್ಡು ಒಮ್ಮೆಲೆ ಒದರಿಕೊಂಡಿತು. ಡಾಕ್ಟರು ಇನ್ನೂ ಬಂದಿರಲಿಲ್ಲ, ಲಾರಿ ಬಂದಿತ್ತು. ತಗಡು ಒತ್ತುವ ಉಕ್ಕಿನ ಅಚ್ಚೊಂದನ್ನು ಸಂಜೆಯೊಳಗೆ ಲಾರಿಗೆ ಏರಿಸಿ ಕಳಿಸಬೇಕಿತ್ತು, ಒಂದು ಎಮ್ಮೆ ಮಲಗಿದಷ್ಟು ದೊಡ್ಡ ಅಚ್ಚು. ಅದೊಂದು ಎತ್ತಿಕೊಟ್ಟು ದವಾಖಾನೆಗೆ ಹೋಗು ಎಂದು ಸಬನೀಸ ಕೂಗಿ ಹೇಳಿದ. ಭಲೆ ಸಾಹೇಬ ಎಂದುಕೊಂಡ ಧರ್ಮಣ್ಣ ಏಣಿ ಹತ್ತುತ್ತಾ. ಡಾಕ್ಟರು ಬಾಯಿಬಿಟ್ಟು ಹೇಳುವ ತನಕ ಇವನ ಪಾಲಿಗೆ ನನ್ನ ಕಣ್ಣು ಚೊಕ್ಕವಾಗೇ ಇವೆ. ಏಣಿಯ ನಡುವಿನ ಒಂದು ಮೆಟ್ಟಿಲು ಸಡಿಲಾಗಿ ಬಹಳ ಕಾಲವಾಗಿತ್ತು, ಕಾಲಿಟ್ಟರೆ ಠಣ್ಣೆಂದು ತಿರುಗುತ್ತಿತ್ತು. ಕೆಳಗಿನಿಂದ ನೋಡಿದರೆ ಅದೂ ಎಲ್ಲ ಮೆಟ್ಟಿಲಿನ ಹಾಗೇ ಕಾಣುತ್ತದೆ. ಹತ್ತಿ ಇಳಿದು ರೂಢಿಯಿದ್ದ ಧರ್ಮಣ್ಣ ಅದನ್ನು ಬಿಟ್ಟು ಮೇಲಿನದಕ್ಕೆ ಕಾಲಿಟ್ಟ. ಗೋಡೆಗುಂಟ ಇದ್ದ ಕಬ್ಬಿಣದ ಕಾಲುದಾರಿ ಹಿಡಿದು ಗೂಡಿಗೆ ಬಂದು ಕೂತ. ಹ್ಯಾಂಡಲ್ಲಿಗೆ ಕೈ ತಾಗಿದ ಕೂಡಲೇ ಮೈಗೆ ಜೀವ ಬಂತು. ಯಾರು ಏನೇ ಮಾಡಲಿ, ಈ ಕೈಗೆ ಇದು ಗೊತ್ತು, ಇದಕ್ಕೆ ಈ ಕೈ ಗೊತ್ತು. ಸರಪಳಿ ಬಿಗಿಯಾಯಿತು, ಅಚ್ಚು ನೆಲ ಬಿಟ್ಟಿತು. ಆ ತೂಕ ಕ್ರೇನಿನ ಮೂಲಕ ತನ್ನ ಕುಂಡಿಯ ತನಕ ಬಂದದ್ದು ಅವನಿಗೆ ಯಾವಾಗಲೂ ಇಷ್ಟ. ಎರಡಾಳು ಎತ್ತರ ಏರಿಸಿ ಲಾರಿಯ ದಿಕ್ಕಿಗೆ ತಿರುಗಿದ. ಇನ್ನು ಸನ್ನೆ ಬೇಕು. ಲಾರಿ ಎಲ್ಲಿ ಮುಗಿಯುತ್ತದೆ, ನೆಲ ಎಲ್ಲಿ ಶುರುವಾಗುತ್ತದೆ, ಅದರ ಮೇಲೆ ಮನುಷ್ಯರು ನಿಂತಿದ್ದಾರೋ ಮರದ ತುಂಡು ನಿಂತಿವೆಯೋ, ಅವನಿಗೆ ಒಂದೂ ಬೇರೆ ಬೇರೆಯಾಗಿ ಕಾಣಲಿಲ್ಲ. ಅವ್ವಣ್ಣನನ್ನು ಹುಡುಕಿದ. ದಿನಾ ಅವನು ಭಾರದ ಮಗ್ಗುಲಲ್ಲೇ, ಕೈಚಾಚಿದರೆ ಅದನ್ನು ಮುಟ್ಟುವಷ್ಟು ಹತ್ತಿರ ನಡೆಯುತ್ತಿದ್ದ. ಇವತ್ತು ಕಂಬದ ಹಿಂದೆ ಒಂದು ಆಕಾರ ಇತ್ತು. ಅದು ಕೈ ಎತ್ತಿರಬಹುದು, ಚಾಚಿರಬಹುದು. ಬೂದು ಗೋಡೆಯ ಮುಂದೆ ಬೂದು ಕೈ.

ಸ್ವಲ್ಪ ಹೊತ್ತು ಅಂದಾಜಿನ ಮೇಲೆ ನಡೆಸಿದ. ಅಚ್ಚು ಓಲಾಡಿತು. ಅದು ಹೋದ ಕಡೆಗೆ ಹೋಗಿ ಸಮಾಧಾನ ಮಾಡಿದ. ಕೆಳಗಿನಿಂದ ಏನೋ ಕೂಗಿದರು, ಪ್ರೆಸ್ಸುಗಳ ಗದ್ದಲದಲ್ಲಿ ಮಾತು ಒಡೆದು ಚೂರಾಗಿ ಮೇಲೆ ಬಂತು. ಎಡಕ್ಕೆ ಅಂದರೋ ನಿಲ್ಲು ಅಂದರೋ. ಇಳಿಸಿಬಿಡಲೆ ಎಂದು ಒಂದು ಕ್ಷಣ ಅನಿಸಿತು, ಅನಿಸಿದ್ದು ಸಿಟ್ಟಿನಿಂದ: ಕಂಬದ ಹಿಂದೆ ಅಡಗಿದವನು ಹೊರಗೆ ಬಂದು ನಿಲ್ಲಲಿ, ಕಾಣಲಿ, ಅಥವಾ ಆಗುವುದು ಆಗಿಹೋಗಲಿ. ಹಾಗೆ ಅನಿಸಿದ ಕೂಡಲೇ ಅವನ ಕೈ ತಾನಾಗಿ ಹ್ಯಾಂಡಲ್ಲು ಬಿಟ್ಟಿತು. ಶಿಂಧೆಯ ಬೂಟು ನೆನಪಾಯಿತು. ಭಾರ ಗಾಳಿಯಲ್ಲಿ ನಿಂತಿತು. ಧರ್ಮಣ್ಣ ಎರಡೂ ಕೈ ತೊಡೆಯ ಸಂದಿಯಲ್ಲಿ ಇಟ್ಟುಕೊಂಡು, ಪರೀಕ್ಷೆಯಲ್ಲಿ ಏನೂ ಬರೆಯದೆ ಕೂತ ಮಗುವಿನ ಹಾಗೆ ಕೂತ. ಕೆಳಗೆ ಒಂದೊಂದೇ ಮಷೀನು ನಿಂತವು. ನಿಂತಷ್ಟೂ ಮಂದಿ ಮೇಲೆ ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಸಬನೀಸ ಅವನ ಹೆಸರು ಹಿಡಿದು ಕೂಗಿದ, ಆಮೇಲೆ ಅವ್ವಣ್ಣನ ಹೆಸರು ಹಿಡಿದು ಕೂಗಿದ. ಏಣಿಯ ಮೇಲೆ ಹೆಜ್ಜೆಗಳ ಸದ್ದು ಬಂತು.

ಕಣ್ಣು ಹೋದವನಿಗೆ ಕಿವಿ ದೊಡ್ಡದಾಗುತ್ತದೆ. ಹೆಜ್ಜೆ ಅವ್ವಣ್ಣನದು, ಎಡಗಾಲು ತಡವಾಗಿ ಬೀಳುವ ಹೆಜ್ಜೆ. ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಈ ಏಣಿ ಹತ್ತಿದವನಲ್ಲ. ನನಗ ಎತ್ತರ ಅಂದ್ರ ತಲೆ ತಿರುಗತದ ಕಾಕಾ, ನೀನಽ ಇರು ಮ್ಯಾಲ, ನಾ ನೆಲದಾಗ ಇರ್ತೀನಿ, ಎನ್ನುತ್ತಿದ್ದ. ಧರ್ಮಣ್ಣ ಸಡಿಲು ಮೆಟ್ಟಿಲಿನ ಠಣ್ಣೆಂಬ ಸದ್ದಿಗೆ ಕಾದ. ಆ ಸದ್ದು ಬರಲೇಬೇಕು. ಹೊಸಬ ಯಾರೇ ಹತ್ತಲಿ ಅದು ಬರುತ್ತದೆ. ಹೆಜ್ಜೆಗಳು ಏರುತ್ತಾ ಬಂದವು, ನಡುವೆ ಒಂದು ಉದ್ದ ಹೆಜ್ಜೆ ಬಿತ್ತು, ಮತ್ತೆ ಏರಿದವು. ಸದ್ದು ಬರಲಿಲ್ಲ. ಧರ್ಮಣ್ಣನಿಗೆ ತಿಳಿಯಿತು, ಇವನು ಈ ಏಣಿಗೆ ಹೊಸಬನಲ್ಲ. ಬೆಳಿಗ್ಗೆಯಿಂದ ಅವನು ಅನುಮಾನ ಪಡುತ್ತಿದ್ದನಷ್ಟೆ, ಅನುಮಾನದಲ್ಲಿ ಒಂದು ಪಾಲು ಆಸೆಯೂ ಇರುತ್ತದೆ. ಇನ್ನು ಅದೂ ಬೇಕಿರಲಿಲ್ಲ. ಅವ್ವಣ್ಣ ಕಾಲುದಾರಿಯಲ್ಲಿ ತಡವರಿಸದೆ ಬಂದು ಗೂಡಿನ ಬಾಗಿಲಲ್ಲಿ ನಿಂತ. ಬೆವರಿನ ವಾಸನೆ, ಮಧ್ಯಾಹ್ನದ ಉಳ್ಳಾಗಡ್ಡಿಯ ವಾಸನೆ.

“ಏಳು ಕಾಕಾ,” ಎಂದ.

“ಸಾಹೇಬಗ ಯಾರು ಹೇಳ್ಯಾರ?”

“ನಾನಽ ಹೇಳೀನಿ.”

ಅಡ್ಡಮಾತು ಆಡಲಿಲ್ಲವಲ್ಲ ಎಂದು ಧರ್ಮಣ್ಣನಿಗೆ ಒಂದು ಕಡೆ ಆಶ್ಚರ್ಯ. ಯಾಕೆ ಎಂದು ಕೇಳಲಿಲ್ಲ, ಆದರೂ ಅವ್ವಣ್ಣ ಹೇಳಿದ. “ನಿನಗ ನನ್ನ ಕೈ ಕಾಣ್ತಾವ ಅಂತ ತಿಳಿದಿದ್ದೆ. ಬಣ್ಣ ಅಷ್ಟಽ ಕಾಣ್ತದ ಅಂತ ನೀ ಹೇಳಲಿಲ್ಲ. ದಿನಾ ಅದರ ಬುಡಕ ನಿಂತಾವ ನಾನು, ಕಾಕಾ. ನನಗೂ ಮಕ್ಕಳವ.” ದನಿ ನಡುಗಿತು. ಅದು ನಿಜವಾದ ನಡುಕವೇ, ನಾಟಕವಲ್ಲ, ಧರ್ಮಣ್ಣನಿಗೆ ಗೊತ್ತಾಯಿತು. ಒಂದು ಗಳಿಗೆ ಅವನು ಕುಗ್ಗಿಹೋದ. ಹೌದು, ಬುಡದಲ್ಲಿ ನಿಂತವನು ಅವನು. ಎರಡು ವರ್ಷ ಕುರುಡನ ಕೈಯ ಕೆಳಗೆ ತಲೆ ಕೊಟ್ಟು ನಿಂತವನು. ಕೈ ಹಿಡಿದು ತಪ್ಪಾಯಿತು ಎನ್ನಬೇಕು ಎಂದು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು ಬೇರೆ ಮಾತು ಬಂತು.

“ಕ್ರೇನು ಕಲಿಯಾಕ ಎಂದಿನಿಂದ ಹತ್ತಿ?”

ಕೆಳಗೆ ಸಬನೀಸ ಮತ್ತೆ ಕೂಗಿದ.

“ದೀಪಾವಳಿ ಆದ ಮ್ಯಾಗ,” ಎಂದ ಅವ್ವಣ್ಣ, ಮೆಲ್ಲಗೆ.

ಬೇವಿನ ಮರ ಈಗ ಹೂ ಬಿಟ್ಟಿತ್ತು. ಬಟ್ಟೆ ಅದಲುಬದಲಾಗಿದ್ದು ಹೋದ ವಾರ. ಬಣ್ಣವಷ್ಟೇ ಕಾಣುತ್ತದೆಂದು ಅವ್ವಣ್ಣನಿಗೆ ತಿಳಿದದ್ದು ಹೋದ ವಾರವೇ ಆಗಿದ್ದರೆ, ದೀಪಾವಳಿಯಿಂದ ಅವನು ಸಂಜೆ ಸಂಜೆ ಈ ಏಣಿ ಹತ್ತಿದ್ದು ಯಾವ ಭಯಕ್ಕೆ? ಅಂದರೆ ಮೊದಲು ಹತ್ತಿದ, ಆಮೇಲೆ ಹೆದರಿದ. ಹೋದ ವಾರದ್ದೂ ಮರೆತು ಕಟ್ಟಿದ್ದೋ, ನೋಡೋಣ ಅಂತ ಕಟ್ಟಿದ್ದೋ? ಕೇಳಿದರೆ ಅವ್ವಣ್ಣ ಹೇಳುತ್ತಿದ್ದ, ಇವತ್ತು ಅವನು ಏನು ಕೇಳಿದರೂ ಹೇಳುವವನಿದ್ದ. ಆದರೆ ಧರ್ಮಣ್ಣನಿಗೆ ಕೇಳುವ ಧೈರ್ಯ ಆಗಲಿಲ್ಲ. ಕಾಕಾ, ಎಂದು ಅವ್ವಣ್ಣ ಏನೋ ಹೇಳಲು ಹೋದ; ನೀ ಇಳಿದ ಮ್ಯಾಗ ಯಾರರೆ ಹತ್ತಽ ಬೇಕಲ್ಲ, ಬ್ಯಾರೆಯವನಿಗಿಂತ ನಾನಾದ್ರ, ಎಂದ. ಆ ಮಾತನ್ನು ಎಷ್ಟೋ ತಿಂಗಳಿಂದ ಒಳಗೆ ಇಟ್ಟುಕೊಂಡು ಉರು ಹೊಡೆದವನಂತೆ ಹೇಳಿದ. ನ್ಯಾಯದ ಮಾತೇ. ಧರ್ಮಣ್ಣನಿಗೆ ಮೈಯೆಲ್ಲ ಉರಿಯಿತು. ಹತ್ತಿದ ಏಣಿ ಒದೆಯುವವರನ್ನು ಅವನು ಈ ಊರಲ್ಲಿ ಬೇಕಾದಷ್ಟು ಕಂಡಿದ್ದ, ಅವರು ಒದ್ದು ಹೋಗುತ್ತಾರೆ, ಮುಗಿಯಿತು. ಇವನು ಶೇಂಗಾ ಹಿಂಡಿ ಅರ್ಧ ಮಾಡಿ ಕೊಟ್ಟು ಒದ್ದಿದ್ದ.

ಎದ್ದ. ಗೂಡಿನ ಇಕ್ಕಟ್ಟಿನಲ್ಲಿ ಒಬ್ಬರನ್ನೊಬ್ಬರು ದಾಟುವಾಗ ಇಬ್ಬರ ಎದೆಯೂ ಒಂದಕ್ಕೊಂದು ತಾಗಿದವು. ಅವ್ವಣ್ಣ ಕೂತ. ಧರ್ಮಣ್ಣ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಿಸಿಕೊಂಡ. ಹ್ಯಾಂಡಲ್ಲು ಸರಿಯಿತು, ನಡುವೆ ಕಚ್ಚಿಕೊಂಡಿತು. ಎಳೆದಾಡಲಿ, ಒಮ್ಮೆಯಾದರೂ ಎಳೆದಾಡಲಿ ಎಂದು ಅವನು ಬೇಡಿಕೊಂಡ. ಅಂಗೈಯ ಬುಡ ಕಬ್ಬಿಣಕ್ಕೆ ಬಿದ್ದ ಮೆತ್ತನೆಯ ಸದ್ದು ಬಂತು. ಒಂದೇ ಗುದ್ದು. ಕ್ರೇನು ಧರ್ಮಣ್ಣನ ಕೈಯಲ್ಲಿ ಹೇಗೋ ಹಾಗೇ ಸದ್ದಿಲ್ಲದೆ ಮುಂದಕ್ಕೆ ಹೋಯಿತು.

ಇಳಿಯುವಾಗ ಅವನು ಸಡಿಲು ಮೆಟ್ಟಿಲಿನ ಮೇಲೆ ಕಾಲಿಟ್ಟ. ಬೇಕೆಂದು ಇಟ್ಟನೋ ತಪ್ಪಿ ಇಟ್ಟನೋ, ಅದು ಠಣ್ಣೆಂದು ತಿರುಗಿ ಅವನ ಮೊಳಕಾಲು ಏಣಿಗೆ ಬಡಿಯಿತು. ಕೆಳಗೆ ಯಾರೋ ರಟ್ಟೆ ಹಿಡಿದು ನೆಲಕ್ಕೆ ಇಳಿಸಿಕೊಂಡರು, ಸಾವಕಾಶ ಎಂದರು, ಅವನು ಕೈ ಕೊಡವಿದ. ಡಾಕ್ಟರು ಬಂದಿದ್ದಾರಂತೆ. ದವಾಖಾನೆ ಕೋಣೆ ಯಾವ ದಿಕ್ಕಿಗೆಂದು ಅವನಿಗೆ ಗೊತ್ತಿತ್ತು, ಕಾಲು ಆ ಕಡೆ ಹೋಗಲಿಲ್ಲ. ಮಷೀನುಗಳು ಮತ್ತೆ ಶುರುವಾಗಿದ್ದವು. ಸಬನೀಸ ತಾನೇ ಲಾರಿಯ ಹತ್ತಿರ ನಿಂತು ಸನ್ನೆ ಮಾಡುತ್ತಿದ್ದ ಎಂದು ಕಾಣುತ್ತದೆ, ಅಲ್ಲಿಂದ ಅವನ ಕೆಮ್ಮು ಕೇಳಿಸುತ್ತಿತ್ತು. ಇತ್ತ, ಗೋಡೆಯ ಬದಿಗೆ, ಅವ್ವಣ್ಣ ದಿನಾ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ನೆಲದ ಮೇಲೆ ಅವನ ಸರಪಳಿ ಸುತ್ತಿ ಇಟ್ಟಿತ್ತು. ಧರ್ಮಣ್ಣ ಅಲ್ಲಿಗೆ ಹೋಗಿ ನಿಂತ. ಯಾಕೆ ಹೋದನೆಂದರೆ ಹೇಳಲಿಕ್ಕೆ ಬರುವುದಿಲ್ಲ. ಮೇಲೆ ಒಬ್ಬ ಇದ್ದಾನೆ, ಕೆಳಗೆ ಒಬ್ಬ ಇರಬೇಕು, ಅಷ್ಟು ವರ್ಷದ ಲೆಕ್ಕ ಮೈಯಲ್ಲಿ ಹಾಗೇ ಉಳಿದಿತ್ತು. ಲಾರಿಯ ಕಡೆಗೆ ಸಾಗುತ್ತಿದ್ದ ಭಾರ ತಲೆಯ ಮೇಲೆ ಬಂದದ್ದು ಅವನಿಗೆ ಕಾಣಲಿಲ್ಲ, ನೆತ್ತಿಗೆ ಅದರ ನೆರಳಿನ ತಂಪು ತಾಗಿದಾಗ ಗೊತ್ತಾಯಿತು. ಎಷ್ಟು ತಂಪು. ಇಷ್ಟು ದಿನ ಇದರ ಕೆಳಗೆ ನಿಂತಿದ್ದನೆ ಅವ್ವಣ್ಣ, ತುಟಿ ಪಿಟ್ಟೆನ್ನದೆ? ಧರ್ಮಣ್ಣ ತಲೆ ಎತ್ತಿದ. ಮೇಲೆ ಒಂದು ಕಪ್ಪು, ಅದರಾಚೆ ತಗಡಿನ ಬೆಳಕು, ಆ ಬೆಳಕಿನಲ್ಲಿ ಎಲ್ಲೋ ಗೂಡು. ಅವ್ವಣ್ಣನಿಗೆ ಕಣ್ಣು ಚೆನ್ನಾಗಿವೆ, ಅವನಿಗೆ ಎಲ್ಲ ಕಾಣುತ್ತಿದೆ, ನನ್ನ ಮುಖ ಕೂಡ. ಧರ್ಮಣ್ಣ ತನ್ನ ಬಲಗೈಯನ್ನು ನಿಧಾನವಾಗಿ ನೆತ್ತಿಯ ಮೇಲೆ ಎತ್ತಿದ.

“ಏ, ಬಾಜೂಲಾ ಹೋ!” ಎಂದು ಮೇಲಿನಿಂದ ಕೂಗು ಬಂತು.

ಯಾರನ್ನು ಗದರಿಸುತ್ತಿದ್ದಾನೆ ಎಂದು ಧರ್ಮಣ್ಣ ಹಿಂದೆ ತಿರುಗಿ ಕೈಯಾಡಿಸಿದ. ಹಿಂದೆ ಯಾರೂ ಇರಲಿಲ್ಲ.